ಪರದೆಗೆ ಬೆನ್ನು ಮಾಡಿ ನಿಂತವಳು

ಆ ಚಿತ್ರಮಂದಿರಕ್ಕೆ ನಾಲ್ಕು ಬಾಗಿಲು, ಬಾಗಿಲಿಗೊಬ್ಬರಂತೆ ನಾಲ್ಕು ಜನ. ಮೂರನೆಯದರಲ್ಲಿ ನಿಲ್ಲುವವಳನ್ನು ಎಲ್ಲರೂ ಬಾಗಿಲಕ್ಕ ಅನ್ನುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಮ್ಯಾನೇಜರನೂ ಹಾಗೇ ಕರೆಯುತ್ತಿದ್ದ. ಅಪ್ಪ ಅಮ್ಮ ಇಟ್ಟ ಹೆಸರು ಎಲ್ಲೋ ಒಂದು ರಿಜಿಸ್ಟರಿನಲ್ಲಿ ಬೆಚ್ಚಗೆ ಮಲಗಿತ್ತು, ಅದನ್ನು ಎಬ್ಬಿಸುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಇಪ್ಪತ್ತಾರು ವರ್ಷ ಅಲ್ಲಿ ನಿಂತವಳು ಎಷ್ಟು ಸಿನಿಮಾ ನೋಡಿರಬೇಡ ಎಂದು ಅಕ್ಕಪಕ್ಕದ ಮನೆಯವರು ಹೊಟ್ಟೆಕಿಚ್ಚು ಪಡುತ್ತಿದ್ದರು. ನಿಜ ಹೇಳಬೇಕೆಂದರೆ ಅವಳು ಒಂದನ್ನೂ ನೆಟ್ಟಗೆ ನೋಡಿದವಳಲ್ಲ. ಮೂರನೇ ಬಾಗಿಲು ಪರದೆಯ ಪಕ್ಕದಲ್ಲೇ ಇತ್ತು. ಅಲ್ಲಿ ನಿಂತು ಪರದೆ ನೋಡಬೇಕಾದರೆ ಕತ್ತು ಉಳುಕಿಸಿಕೊಳ್ಳಬೇಕು. ಮೇಲಾಗಿ ಅವಳ ಕೆಲಸ ಜನರನ್ನು ನೋಡಿಕೊಳ್ಳುವುದು. ಮುಂದಿನ ಸೀಟಿನ ಮೇಲೆ ಕಾಲು ಚಾಚಿದವರು, ಬೀಡಿ ಹಚ್ಚಲು ಹೊರಟವರು, ತಡವಾಗಿ ಬಂದು ಕಂಡವರ ಕಾಲು ತುಳಿಯುವವರು, ಎಲ್ಲರ ಮೇಲೂ ಟಾರ್ಚು ಹಿಡಿದು ಕಣ್ಣಿಡಬೇಕಿತ್ತು. ಹಾಗಾಗಿ ಪರದೆಗೆ ಬೆನ್ನು ಮಾಡಿ ನಿಂತಳು, ನಿಂತೇ ಬಿಟ್ಟಳು.

ಅವಳು ಕಂಡದ್ದು ಮುಖಗಳನ್ನು. ಕತ್ತಲಲ್ಲಿ ಆರುನೂರು ಮುಖಗಳು ಸಾಲುಸಾಲಾಗಿ ತೇಲುತ್ತಿದ್ದವು. ಪರದೆಯ ಮೇಲೆ ಸಮುದ್ರ ಬಂದರೆ ಎಲ್ಲ ಮುಖಗಳೂ ನೀಲಿ, ಬೆಂಕಿ ಬಿದ್ದರೆ ಎಲ್ಲವೂ ಕೆಂಪು. ಒಮ್ಮೊಮ್ಮೆ ಬೆಳಕು ಸಣ್ಣದಾಗಿ, ಆ ಮುಖಗಳೆಲ್ಲ ನೀರೊಳಗೆ ಇಳಿದಂತೆ ಮಸುಕಾಗಿ, ಮತ್ತೆ ನಿಧಾನವಾಗಿ ಮೇಲೆ ಬರುತ್ತಿದ್ದವು. ಹೊರಗೆ ಸದಾ ಗಂಟು ಹಾಕಿಕೊಂಡಿರುವ ಹುಬ್ಬುಗಳು ಅಲ್ಲಿ ಬಿಚ್ಚಿಕೊಳ್ಳುತ್ತಿದ್ದವು. ಯಜಮಾನಿಕೆ, ಸಂಕೋಚ ಎಲ್ಲ ಕಳಚಿ, ದೊಡ್ಡವರೂ ಬಾಯಿ ಕಳೆದು ಕೂರುತ್ತಿದ್ದರು. ಬಾಗಿಲಕ್ಕನಿಗೆ ಆಗ ಎಲ್ಲರ ಮೇಲೂ ಅಕ್ಕರೆ ಉಕ್ಕಿ ಬರುತ್ತಿತ್ತು. ದೀಪ ಹತ್ತಿದ ಮೇಲೆ ಅವರೇ ಅವಳ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು, ಅದು ಬೇರೆ ಮಾತು.

ಸೂಪರ್‌ಹೀರೋ ಸಿನಿಮಾಗಳಿಗೆ ಅವಳು ಇಟ್ಟ ಹೆಸರು ಹಾರುವವರ ಸಿನಿಮಾ. ಅವನ್ನು ನೋಡದೆಯೇ ಅರೆದು ಕುಡಿದಿದ್ದಳು. ನಾಯಕ ಮೊದಲ ಸಲ ಹಾರಿದಾಗ ಆರುನೂರು ಗಲ್ಲಗಳು ಒಟ್ಟಿಗೆ ಮೇಲೇಳುತ್ತವೆ. ಇಂಟರ್ವಲ್ಲಿಗೆ ಐದು ನಿಮಿಷ ಮುಂಚೆ ಅವನಿಗೆ ಒದೆ ಬೀಳುತ್ತದೆ, ಆಗ ಮಕ್ಕಳು ಅಪ್ಪಂದಿರ ತೋಳು ಹುಡುಕುತ್ತವೆ. ಕೊನೆಗೆ ಖಳ ನೆಲ ಕಚ್ಚುತ್ತಾನೆ, ಸಿಳ್ಳೆ ಬೀಳುತ್ತದೆ. ಹಾರುವವರು ಬದಲಾದರು, ಅವರ ಬಟ್ಟೆಯ ಬಣ್ಣ ಬದಲಾಯಿತು. ಗಲ್ಲ ಮೇಲೇಳುವ ಹೊತ್ತು ಮಾತ್ರ ಬದಲಾಗಲಿಲ್ಲ.

ಖಳ ಬಿದ್ದ ಕೂಡಲೇ ಮೇಲಿನ ಪ್ರೊಜೆಕ್ಟರ್ ಕೋಣೆಯಿಂದ ಆಪರೇಟರ್ ಕರೆಗಂಟೆ ಒತ್ತುತ್ತಿದ್ದ. ಅದು ಆ ಚಿತ್ರಮಂದಿರದ ಪದ್ಧತಿ. ಗಂಟೆ ಕೇಳಿದರೆ ನಾಲ್ಕೂ ಬಾಗಿಲುಗಳ ಕಬ್ಬಿಣದ ಚಿಲಕಗಳು ಒಟ್ಟಿಗೆ ಸರಿಯಬೇಕು. ಒಂದು ಆಟಕ್ಕೂ ಮುಂದಿನದಕ್ಕೂ ನಡುವೆ ಇದ್ದದ್ದು ಹದಿನೈದೇ ನಿಮಿಷ. ಅಷ್ಟರಲ್ಲಿ ಜನ ಹೊರಗೆ ಹೋಗಬೇಕು, ಗುಡಿಸಬೇಕು, ಹೊಸಬರು ಒಳಗೆ ಬರಬೇಕು. ಬಾಗಿಲಿನಿಂದ ಹಗಲು ಬೆಳಕು ನುಗ್ಗಿದರೆ ಜನ ತಾವಾಗಿಯೇ ಏಳುತ್ತಾರೆ. ಪರದೆಯ ಮೇಲೆ ಆಮೇಲೆ ಬರುವುದು ಹೆಸರುಗಳ ಪಟ್ಟಿ, ಅದನ್ನು ಓದಲು ಯಾರಿಗೆ ಪುರಸೊತ್ತಿದೆ?

ಬಾಗಿಲಕ್ಕನ ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ, ಮತ್ತು ಮಗಳು. ಮಗಳಿಗೆ ಇಪ್ಪತ್ತೇಳು. ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕಿ ಫ್ರೇಮಿಗೆ ಕೂರಿಸುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅವಳ ಕೈಗೆ ತಿಳಿಯುತ್ತಿತ್ತು. ತಾಯಿ ಮಗಳ ನಡುವೆ ಜಗಳವಿರಲಿಲ್ಲ. "ನೀರು ಬಂತು." "ಬೀಗದ ಕೈ ತಗೊಂಡ್ಯಾ?" "ಗ್ಯಾಸ್ ಮುಗೀತು." ಇಷ್ಟರಲ್ಲೇ ದಿನ ಕಳೆಯುತ್ತಿತ್ತು. ನೋಡಿದವರು ಎಷ್ಟು ಅನ್ಯೋನ್ಯವಾಗಿದ್ದಾರೆ ಎಂದುಕೊಳ್ಳುತ್ತಿದ್ದರು, ಅಂದುಕೊಂಡರೆ ಅಂದುಕೊಳ್ಳಲಿ.

ಹದಿನಾರು ವರ್ಷದ ಹಿಂದೆ ಬಾಗಿಲಕ್ಕನ ಗಂಡ ಆಸ್ಪತ್ರೆಯಲ್ಲಿದ್ದ. ಬಸ್ಸು ಓಡಿಸುತ್ತಿದ್ದವನು, ಎದೆಯ ಕಾಯಿಲೆ. ಆ ದಿನ ಹಾರುವವರ ದೊಡ್ಡ ಸಿನಿಮಾ ಒಂದು ತೆರೆ ಕಂಡಿತ್ತು. ಬಾಗಿಲಿನವರಲ್ಲಿ ಇಬ್ಬರು ಬಂದಿರಲಿಲ್ಲ, ಅವಳಿಗೆ ಕರೆ ಬಂತು. ಗಂಡನೇ "ಹೋಗಿ ಬಾ, ನಾನೆಲ್ಲಿ ಓಡಿ ಹೋಗ್ತೀನಿ" ಅಂದ. ಹನ್ನೊಂದು ವರ್ಷದ ಮಗಳನ್ನು ಅವನ ಪಕ್ಕ ಕೂರಿಸಿ ಹೋದಳು. ಇಂಟರ್ವಲ್ಲಿನಲ್ಲಿ ಮ್ಯಾನೇಜರನ ಕೋಣೆಗೆ ಆಸ್ಪತ್ರೆಯಿಂದ ಫೋನ್ ಬಂತು, ಬೇಗ ಬರಬೇಕಂತೆ. ಆಸ್ಪತ್ರೆ ಇದ್ದದ್ದು ನಾಲ್ಕು ಬೀದಿ ಆಚೆ. ಅವಳು ಹೋಗಲಿಲ್ಲ. "ಸಿನಿಮಾ ಮುಗೀಲಿ, ಬಾಗಿಲು ತೆಗೆದು ಬರ್ತೀನಿ ಅಂತ ಹೇಳಿ" ಎಂದು ಮ್ಯಾನೇಜರನಿಗೆ ಹೇಳಿ, ಮತ್ತೆ ತನ್ನ ಜಾಗಕ್ಕೆ ಬಂದು ನಿಂತಳು. ಗಂಟೆ ಬಾರಿಸಿತು, ಚಿಲಕ ಸರಿಸಿದಳು, ಆರುನೂರು ಜನ ನಗುತ್ತಾ ಅವಳನ್ನು ದಾಟಿ ಹೋದರು. ಅವಳು ಆಸ್ಪತ್ರೆ ಮುಟ್ಟುವಾಗ ಎಲ್ಲ ಮುಗಿದಿತ್ತು. ಬೆಂಚಿನ ಮೇಲೆ ಒಬ್ಬಳೇ ಕೂತಿದ್ದ ಮಗಳನ್ನು ತಬ್ಬಿಕೊಂಡು, "ಸುದ್ದಿ ಸಿಕ್ಕಿದ್ದೇ ತಡ ಓಡಿ ಬಂದೆ ಪುಟ್ಟಾ" ಅಂದಳು.

ಆ ಸುಳ್ಳನ್ನು ಅಂದಿನಿಂದ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಅವತ್ತು ಯಾಕೆ ಹೋಗಲಿಲ್ಲ ಎಂದು ತನ್ನನ್ನೇ ಸಾವಿರ ಸಲ ಕೇಳಿಕೊಂಡಿದ್ದಾಳೆ. ಜನ ಇದ್ದರು, ಬಾಗಿಲು ನೋಡುವವರಿರಲಿಲ್ಲ, ಅದೆಲ್ಲ ಹೇಳಿಕೊಳ್ಳಲು ಚೆಂದ. ಹೆದರಿದ್ದಳು, ಅಷ್ಟೇ. ಆ ಕತ್ತಲಲ್ಲಿ, ಆ ಮುಖಗಳ ನಡುವೆ ಇರುವಷ್ಟು ಹೊತ್ತು ಯಾರೂ ಸಾಯುವುದಿಲ್ಲ ಎನ್ನಿಸಿತ್ತು. ಮಗಳ ಹತ್ತಿರ ಇದನ್ನು ಹೇಳಬೇಕು ಎಂದು ಎಷ್ಟೋ ಸಲ ಬಾಯಿ ತೆರೆದಿದ್ದಳು. ತೆರೆದ ಬಾಯಿಂದ "ನೀರು ಬಂತು" ಅನ್ನುವುದೇ ಬರುತ್ತಿತ್ತು.

ಹೀಗಿರುವಾಗ ಹಾರುವವನ ಹೊಸ ಸಿನಿಮಾ ಬಂತು. ಇದರಲ್ಲಿ ನಾಯಕನಿಗೆ ಊರಿನ ಯಾವ ಮೂಲೆಯಲ್ಲಿ ಯಾರು ಕೂಗಿದರೂ ಕೇಳಿಸುವ ಕಿವಿ. ಒಂದು ದೊಡ್ಡ ಗೋಪುರ ಊರಿನ ಮೇಲೆ ಬೀಳದಂತೆ ತಡೆಯಲು ಅವನು ಹೋಗುತ್ತಾನೆ, ಅದೇ ಹೊತ್ತಿಗೆ ಒಂದು ಸಣ್ಣ ಮನೆಯಿಂದ ಒಬ್ಬ ಹುಡುಗಿ ಅಜ್ಜಿಯನ್ನು ಉಳಿಸು ಎಂದು ಕೂಗುತ್ತಾಳೆ. ಅವನು ಆ ಕಡೆ ಹೋಗುವುದಿಲ್ಲ. ಕೊನೆಗೆ ಗೋಪುರ ಬಯಲಿನಲ್ಲಿ ಬೀಳುತ್ತದೆ, ಖಳ ಅದರಡಿ ಸಿಗುತ್ತಾನೆ, ಪರದೆ ಕಪ್ಪಾಗುತ್ತದೆ, ಹೆಸರುಗಳು ಶುರು. ಗಂಟೆ, ಚಿಲಕ, ಹಗಲು ಬೆಳಕು. ಜನ ಮುಖ ಸಿಂಡರಿಸಿಕೊಂಡು ಹೊರಬಂದರು.

"ಆ ಹುಡುಗಿ ಕಥೆ ಏನಾಯ್ತು? ಅರ್ಧಕ್ಕೇ ಕೈ ಬಿಟ್ಟವ್ನೆ!"

"ದಂಡ ಕಣ್ರೀ, ದಂಡ."

ಭಾನುವಾರ ಅಂಗಡಿಯ ಗೆಳತಿಯರ ಜೊತೆ ಬಂದಿದ್ದ ಮಗಳೂ ಮನೆಗೆ ಹೋಗಿ ಚಪ್ಪಲಿ ಬಿಡುತ್ತಾ "ತಲೆಬುಡ ಇಲ್ಲ" ಅಂದಳು. ಸೋಮವಾರದ ಹೊತ್ತಿಗೆ ಚಿತ್ರಮಂದಿರದಲ್ಲಿ ನೊಣ ಹೊಡೆಯುವ ಪರಿಸ್ಥಿತಿ. ಗುರುವಾರ ಮ್ಯಾಟಿನಿ ಆದ ಮೇಲೆ ತೆಗೆದುಹಾಕುವುದು ಎಂದು ಮ್ಯಾನೇಜರ್ ತೀರ್ಮಾನಿಸಿಬಿಟ್ಟ.

ಆ ಸೋಮವಾರ ಮಧ್ಯಾಹ್ನ ಎಲ್ಲರೂ ಎದ್ದು ಹೋದ ಮೇಲೂ ಐದನೇ ಸಾಲಿನಲ್ಲಿ ಒಬ್ಬ ಅಜ್ಜಿ ಉಳಿದಿದ್ದಳು. ಮೊಣಕಾಲು ನೋವು, ಇದ್ದವರೆಲ್ಲ ಮೊದಲು ಹೋಗಲಿ ಎಂದು ಕೂತವಳು. ಕೈ ಹಿಡಿದು ಎಬ್ಬಿಸೋಣ ಎಂದು ಬಾಗಿಲಕ್ಕ ಹತ್ತಿರ ಹೋದಳು. ಅಜ್ಜಿಯ ಮುಖದ ಮೇಲೆ ಬೆಳಕು ಆಡುತ್ತಿತ್ತು. ಹೆಸರುಗಳ ಬೆಳಕು ಹಾಗೆ ಆಡುವುದಿಲ್ಲ, ಅದು ಬಾಗಿಲಕ್ಕನಿಗೆ ಗೊತ್ತು. ಅಷ್ಟಲ್ಲದೆ, ಇಪ್ಪತ್ತಾರು ವರ್ಷದಲ್ಲಿ ಅವಳು ಯಾವ ಮುಖದಲ್ಲೂ ಕಾಣದ ಒಂದು ಭಾವ ಅಜ್ಜಿಯ ಮುಖದಲ್ಲಿತ್ತು. ಬಾಗಿಲಕ್ಕ ತಿರುಗಿ ನೋಡಿದಳು.

ಹೆಸರುಗಳು ಅರ್ಧಕ್ಕೆ ನಿಂತಿದ್ದವು. ಪರದೆಯ ಮೇಲೆ ಒಂದು ಸಣ್ಣ ಮನೆ, ಬಾಗಿಲ ಹೊರಗೆ ನಾಯಕ. ಮುಖವಾಡವಿಲ್ಲ, ಕೂದಲು ಕೆದರಿದೆ. ಬಾಗಿಲು ತೆರೆದ ಹುಡುಗಿ ಅವನ ಸೊಂಟದಷ್ಟೂ ಇಲ್ಲ. ಅವನು ಅವಳಿಗೆ ಹೇಳಿದ: "ನೀನು ಕೂಗಿದ್ದು ನನಗೆ ಕೇಳಿಸಿತ್ತು. ಕೇಳಿಸಲಿಲ್ಲ ಅಂತ ಎಲ್ಲರ ಹತ್ತಿರ ಹೇಳಿದ್ದೇನೆ. ಅದು ಸುಳ್ಳು." ಸಂಗೀತವಿಲ್ಲ, ಏನೂ ಇಲ್ಲ. ಹುಡುಗಿ ಅಳಲಿಲ್ಲ, ಕ್ಷಮಿಸಲೂ ಇಲ್ಲ. ಬಾಗಿಲು ಹಾಕದೆ ಒಳಗೆ ಹೋದಳು. ಅವನು ಬೂಟು ಬಿಚ್ಚಿಟ್ಟು ಹಿಂದೆ ಹೋದ. ಅವಳು ಊಟ ಮಾಡುವುದನ್ನು ನೋಡುತ್ತಾ ಎದುರು ಕೂತ. ಚಮಚ ತಟ್ಟೆಗೆ ತಾಗುವ ಸದ್ದು ಮಾತ್ರ ಆ ಖಾಲಿ ಚಿತ್ರಮಂದಿರದಲ್ಲೆಲ್ಲ ಓಡಾಡಿತು. ಹತ್ತು ನಿಮಿಷ ಅಷ್ಟೇ, ಬೇರೇನೂ ಆಗಲಿಲ್ಲ. ಬಾಗಿಲಕ್ಕ ಅಜ್ಜಿಯ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು, ಅವಳ ಕೆನ್ನೆ ಒದ್ದೆಯಾಗಿತ್ತು.

"ಇಂಥದ್ದನ್ನು ಬಿಟ್ಟು ಎಲ್ಲಿಗೆ ಹೋದರಮ್ಮಾ ಅವರೆಲ್ಲ?" ಎಂದಳು ಅಜ್ಜಿ.

ಅವರಾಗಿ ಹೋಗಿರಲಿಲ್ಲ, ಬಾಗಿಲು ತೆಗೆದು ಇವರೇ ಕಳಿಸಿದ್ದರು. ಸಿನಿಮಾ ಮಾಡಿದವನು ಜನರನ್ನು ಬೆಚ್ಚಿಬೀಳಿಸಬೇಕೆಂದು ನಿಜವಾದ ಕೊನೆಯನ್ನು ಹೆಸರುಗಳ ಹಿಂದೆ ಬಚ್ಚಿಟ್ಟಿದ್ದ. ಅವನು ಊಹಿಸದೇ ಇದ್ದದ್ದು ಈ ಗಂಟೆಯನ್ನು, ಈ ಚಿಲಕಗಳನ್ನು. ನಾಲ್ಕು ದಿನದಿಂದ ಜನ ಬೈದದ್ದೆಲ್ಲ ಅವರು ನೋಡದ ಸಿನಿಮಾವನ್ನು.

ಬಾಗಿಲಕ್ಕ ಮ್ಯಾನೇಜರನ ಕೋಣೆಗೆ ಹೋಗಿ ಹೇಳಿದಳು. ಅವನು ಪೋಸ್ಟರ್ ಸುತ್ತುತ್ತಿದ್ದ.

"ಜನ ಎದ್ದ ಮೇಲೆ ಸಿನಿಮಾ ಮುಗೀತು ಅಂತಾನೇ ಅರ್ಥ ಬಾಗಿಲಕ್ಕ. ಕೈ ಹಿಡಿದು ಕೂರಿಸೋಕಾಗುತ್ತಾ?"

"ನಾವು ಬಾಗಿಲು ತೆಗೀತೀವಿ, ಅದಕ್ಕೇ ಏಳ್ತಾರೆ. ಹತ್ತು ನಿಮಿಷ ತಡೆದ್ರೆ..."

"ಹತ್ತು ನಿಮಿಷ ತಡೆದ್ರೆ ಐದು ನಿಮಿಷದಲ್ಲಿ ಗುಡಿಸೋರು ಯಾರು? ನಾನಾ?"

ಬಾಗಿಲಿನವರ ಹತ್ತಿರ ಹೇಳಿದಳು. ಒಂದನೇ ಬಾಗಿಲಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಇಷ್ಟು ವರ್ಷಕ್ಕೆ ಒಂದ್ಸಲ ಸಿನಿಮಾ ನೋಡಿದ್ದಾಳೆ, ಪಾಪ, ಅಮಲೇರಿಬಿಟ್ಟಿದೆ." ಆಪರೇಟರ್ ತಾನು ಗಂಟೆ ಒತ್ತಿದ ಮೇಲೆ ಟೀ ಕುಡಿಯಲು ಇಳಿಯುವುದಾಗಿಯೂ, ಆಮೇಲೆ ಏನು ಓಡುತ್ತದೋ ತನಗೆ ಸಂಬಂಧವಿಲ್ಲವೆಂದೂ ಹೇಳಿದ. ಮಂಗಳವಾರ, ಬುಧವಾರ ಅವಳೂ ಎಲ್ಲರ ಜೊತೆ ಚಿಲಕ ಸರಿಸಿದಳು. ಧೈರ್ಯವಿರಲಿಲ್ಲ, ಇನ್ನೇನು ಮಾಡುತ್ತಾಳೆ?

ಬುಧವಾರ ಸಂಜೆ ಮಗಳು ಬಟ್ಟೆ ಮಡಿಸುತ್ತಿದ್ದಾಗ ಬಾಗಿಲಕ್ಕ ಹೇಳಿದಳು.

"ನಾಳೆ ಮ್ಯಾಟಿನಿಗೆ ಬರ್ತೀಯಾ? ಆ ಸಿನಿಮಾಗೆ."

"ನೋಡಿ ಆಯ್ತಲ್ಲಮ್ಮ."

"ಕೊನೆ ಹತ್ತು ನಿಮಿಷ ನೋಡಿಲ್ಲ ನೀನು. ಯಾರೂ ನೋಡಿಲ್ಲ."

ಮಗಳು ಮಡಿಸುವುದನ್ನು ನಿಲ್ಲಿಸಿ ತಾಯಿಯ ಮುಖ ನೋಡಿದಳು. ಅಮ್ಮ ಏನನ್ನಾದರೂ ಕೇಳಿ ಎಷ್ಟು ಕಾಲವಾಗಿತ್ತೋ! "ಅಂಗಡೀಲಿ ಕೇಳ್ತೀನಿ" ಅಂದಳು. ಆ ನಾಯಕ ಹೇಳಿದ ಮಾತನ್ನು ಮಗಳು ಕೇಳಿಸಿಕೊಂಡುಬಿಟ್ಟರೆ ತಾನು ಬಾಯಿ ಬಿಡದೆಯೇ ಎಲ್ಲ ಹೇಳಿದಂತಾಗುತ್ತದೆ ಎಂಬುದು ಬಾಗಿಲಕ್ಕನ ಆಸೆ. ಅದಕ್ಕಾಗಿ ಅವಳು ಬಾಗಿಲಿನ ಕೆಲಸವನ್ನು ಬೇಕಾದರೂ ಬಿಡಲು ಸಿದ್ಧಳಿದ್ದಳು.

ಬಿಡುವ ಪ್ರಸಂಗವೇ ಬಂತು. ಗುರುವಾರ ಬೆಳಿಗ್ಗೆ ಅವಳು ಮ್ಯಾನೇಜರನಿಗೆ ನೆಟ್ಟಗೆ ಹೇಳಿಬಿಟ್ಟಳು. "ಇವತ್ತು ಮ್ಯಾಟಿನಿಯಲ್ಲಿ ಗಂಟೆ ಹೊಡೆದ್ರೂ ನಾನು ತೆಗೆಯಲ್ಲ."

"ತೆಗೀಲಿಲ್ಲ ಅಂದ್ರೆ ನಾಳೆಯಿಂದ ಬರೋದೂ ಬೇಡ," ಅಂದ ಅವನು. ಕೂಗಲಿಲ್ಲ, ಸಾವಧಾನವಾಗಿಯೇ ಅಂದ. ಅದಕ್ಕೇ ನಿಜ ಎನಿಸಿತು.

ಕೊನೆಯ ದಿನ, ಟಿಕೆಟ್ ಅರ್ಧಕ್ಕೆ. ಇನ್ನೂರು ಚಿಲ್ಲರೆ ಜನ ಬಂದಿದ್ದರು. ಮಗಳೂ ಬಂದಳು, ಆದರೆ ಗಾಳಿ ಬರುತ್ತದೆಂದು ಹೋಗಿ ಕೂತದ್ದು ಒಂದನೇ ಬಾಗಿಲಿನ ಪಕ್ಕ, ಚಿತ್ರಮಂದಿರದ ಆಚೆ ತುದಿಯಲ್ಲಿ. ಎರಡೂವರೆ ಗಂಟೆ ಬಾಗಿಲಕ್ಕ ಅದೊಂದೇ ಮುಖ ನೋಡಿದಳು. ಅದು ನೀಲಿಯಾಯಿತು, ಕೆಂಪಾಯಿತು, ಮಸುಕಾಗಿ ಮತ್ತೆ ಬೆಳಗಿತು. ಒಂದು ಗಳಿಗೆ, ನಡುವಿನ ವರ್ಷಗಳೆಲ್ಲ ಕರಗಿ ಅಲ್ಲಿ ಹನ್ನೊಂದರ ಹುಡುಗಿಯೇ ಕೂತಿರುವಂತೆ ಕಂಡಿತು. ಆ ಹುಡುಗಿಯ ಕಣ್ಣಿಗೆ ಕಣ್ಣು ಕೊಡಲು ಬಾಗಿಲಕ್ಕನಿಂದ ಆಗಲಿಲ್ಲ, ಟಾರ್ಚನ್ನು ಸುಮ್ಮನೆ ಒರೆಸಿದಳು.

ಗೋಪುರ ಬಿತ್ತು, ಗಂಟೆ ಬಾರಿಸಿತು. ಒಂದನೇ, ಎರಡನೇ, ನಾಲ್ಕನೇ ಬಾಗಿಲುಗಳು ತೆರೆದುಕೊಂಡವು. ಮೂರನೇ ಬಾಗಿಲಿಗೆ ಬೆನ್ನು ಒತ್ತಿ ಬಾಗಿಲಕ್ಕ ನಿಂತಳು. ಆ ಬಾಗಿಲೇ ಬಸ್ ನಿಲ್ದಾಣಕ್ಕೆ ಹತ್ತಿರ, ಹೆಚ್ಚು ಜನ ಅಲ್ಲಿಗೇ ಬರುತ್ತಿದ್ದರು.

"ಇನ್ನೂ ಇದೆ. ಕೂತ್ಕೊಳ್ಳಿ, ಇನ್ನೂ ಇದೆ," ಅಂದಳು.

"ಏನಿದೆ? ಹೆಸರು ಬರ್ತಿರೋದು ಕಾಣಲ್ವಾ?"

"ಬಸ್ ತಪ್ಪುತ್ತೆ ಕಣಮ್ಮ, ತೆಗಿ!"

"ನಿಮ್ಮನೆ ಬಾಗಿಲಾ ಇದು?"

ಹಿಂದಿನವರು ಮುಂದಿನವರನ್ನು ನೂಕಿದರು. ಯಾರದೋ ಮೊಣಕೈ ಅವಳ ಭುಜಕ್ಕೆ ತಾಗಿತು. ಜನರ ತಲೆಗಳ ಮೇಲಿಂದ ಅವಳು ಆಚೆ ತುದಿ ನೋಡಿದಳು. ಮಗಳು ಎದ್ದು ನಿಂತಿದ್ದಳು. ಗಲಾಟೆ ಏನೆಂದು ಅವಳಿಗೆ ಗೊತ್ತಾಗಿತ್ತು, ನೋಡುತ್ತಿದ್ದುದು ತಾಯಿಯನ್ನು. ಪರದೆಯನ್ನಲ್ಲ, ತಾಯಿಯನ್ನು. ಅಷ್ಟರಲ್ಲಿ ಮ್ಯಾನೇಜರ್ ಹೊರಗಿನಿಂದ ಬಂದು, ಗೋಡೆಯ ಸಂದಿನಲ್ಲಿ ಕೈ ಹಾಕಿ ಚಿಲಕ ಎಳೆದ. ಬಾಗಿಲು ಕಳಚಿಕೊಂಡಂತೆ ತೆರೆಯಿತು. ಬೆಳಕು ನುಗ್ಗಿತು.

ಸೋತೆ ಎಂದುಕೊಂಡಳು ಬಾಗಿಲಕ್ಕ. ಇನ್ನು ನಿಮಿಷದೊಳಗೆ ಮಗಳೂ ಒಂದನೇ ಬಾಗಿಲಿನಿಂದ ಇಳಿದು ಅಂಗಡಿಗೆ ಹೋಗುತ್ತಾಳೆ. ಸಿನಿಮಾ ಸಂಜೆಗೆ ಇಲ್ಲ. ಇನ್ನೊಂದು ಹದಿನಾರು ವರ್ಷ ನೀರು ಬರುತ್ತದೆ, ಗ್ಯಾಸ್ ಮುಗಿಯುತ್ತದೆ.

ಅವಳು ಬಾಗಿಲು ಬಿಟ್ಟಳು. ಹೊರಗೆ ಹರಿಯುತ್ತಿದ್ದ ಜನರ ಎದುರು ಒಳಗೆ ನುಗ್ಗಿದಳು. ಚೀಲಗಳು ತಾಗಿದವು, ಟಾರ್ಚು ಕೈಯಿಂದ ಬಿತ್ತು. "ಏನಾಗಿದೆ ಈಯಮ್ಮಂಗೆ" ಎಂದು ಯಾರೋ ಬೈದರು. ಅವಳು ಭುಜ ಓರೆ ಮಾಡಿ, ಕ್ಷಮಿಸಿ ಕ್ಷಮಿಸಿ ಎನ್ನುತ್ತಾ, ಒಂದೊಂದೇ ಸಾಲು ದಾಟಿದಳು. ಎಷ್ಟು ನಡೆದರೂ ಆ ಸಾಲುಗಳು ಮುಗಿಯದಂತೆ ಕಂಡವು. ಅರ್ಧ ದಾರಿಯಲ್ಲಿ ಸದ್ದು ಇಳಿಯತೊಡಗಿತ್ತು. ಹೆಸರುಗಳು ನಿಂತಿದ್ದವು. ಬಾಗಿಲಲ್ಲಿ ತಡವಾದ್ದರಿಂದ ಇನ್ನೂ ಒಳಗೇ ಇದ್ದ ಐವತ್ತು ಅರವತ್ತು ಜನ ಒಬ್ಬೊಬ್ಬರಾಗಿ ಪರದೆ ಕಡೆ ತಿರುಗಿ ಇದ್ದಲ್ಲೇ ನಿಂತಿದ್ದರು.

ಮಗಳ ಮುಂದೆ ಬಂದು ನಿಂತಾಗ ಬಾಗಿಲಕ್ಕನಿಗೆ ಏದುಸಿರು.

"ಅಮ್ಮ, ಏನಿದು? ಎಲ್ಲರ ಮುಂದೆ..."

"ಅವತ್ತು ನಾನು ಓಡಿ ಬರಲಿಲ್ಲ," ಅಂದಳು ಬಾಗಿಲಕ್ಕ. "ಇಂಟರ್ವಲ್‌ನಲ್ಲೇ ಫೋನ್ ಬಂದಿತ್ತು. ನಿಮ್ಮಪ್ಪ ಇನ್ನೂ ಇದ್ರು. ನಾನು ಇಲ್ಲೇ ನಿಂತಿದ್ದೆ, ಸಿನಿಮಾ ಮುಗಿಯೋ ತನಕ. ಭಯ ಆಗಿತ್ತು. ನಿಂಗೆ ಸುಳ್ಳು ಹೇಳಿದೆ."

ಹೇಳಿ ಮುಗಿಸಿ, ಹೊಡೆತಕ್ಕೆ ಕಾದವಳಂತೆ ಕಣ್ಣು ಮುಚ್ಚಿದಳು. ಪರದೆಯ ಮೇಲೆ ಯಾರೋ ಬೂಟು ಬಿಚ್ಚಿಡುವ ಸದ್ದು ಕೇಳಿಸಿತು.

"ಗೊತ್ತಮ್ಮ," ಅಂದಳು ಮಗಳು. "ಫೋನ್ ಮಾಡಿದ್ದು ನಾನೇ. ನರ್ಸಮ್ಮ ಸ್ಟೂಲ್ ಹಾಕಿ ಕೊಟ್ಟಿದ್ರು. ಸಿನಿಮಾ ಮುಗಿದ ಮೇಲೆ ಬರ್ತಾರಂತೆ ಅಂತ ಮ್ಯಾನೇಜರ್ ಹೇಳಿದ್ದು ನನ್ನ ಹತ್ರಾನೇ."

ಬಾಗಿಲಕ್ಕ ಕಣ್ಣು ತೆರೆದಳು. "ಇಷ್ಟು ವರ್ಷ ಒಂದು ಮಾತು ಕೇಳಲಿಲ್ಲವಲ್ಲೇ ನೀನು?"

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

ಬಾಗಿಲಕ್ಕ ಅತ್ತಳು. ಬಾಯಿಗೆ ಕೈ ಅಡ್ಡ ಹಿಡಿದರೂ ಸದ್ದು ಹೊರಗೆ ಬಂತು. ಮಗಳು ಅವಳ ಮೊಣಕೈ ಹಿಡಿದುಕೊಂಡಳು, ಹಿಡಿತ ಗಟ್ಟಿಯಾಗಿತ್ತು. ಮೆತ್ತಗಾಗಲು ಇನ್ನೂ ಬಹಳ ಕಾಲ ಬೇಕು ಎನ್ನುವುದು ಇಬ್ಬರಿಗೂ ಗೊತ್ತಿತ್ತು.

"ಶ್! ಕೂತ್ಕೊಳ್ರಮ್ಮ, ಕಾಣಿಸ್ತಿಲ್ಲ!" ಎಂದು ಹಿಂದಿನ ಸಾಲಿನಿಂದ ಒಬ್ಬ ಗದರಿದ. ಬಸ್ ತಪ್ಪುತ್ತೆ ಎಂದು ಕೂಗಿದ್ದವನೇ ಅವನು, ಯಾವಾಗಲೋ ಬಂದು ಅಲ್ಲಿ ಕೂತುಬಿಟ್ಟಿದ್ದ.

ಮಗಳು ಪಕ್ಕದ ಮಡಚು ಕುರ್ಚಿಯನ್ನು ಕೆಳಗೆ ಒತ್ತಿ ಹಿಡಿದಳು. ಬಾಗಿಲಕ್ಕ ಅದರಲ್ಲಿ ಕೂತು, ಮೂಗು ಒರೆಸಿಕೊಂಡು, ಪರದೆ ನೋಡಿದಳು.